ಕಡಿವಾಣ ಹಿಡಿದ ಕೈ: ಪಾಶ್ಚಾತ್ಯ ಕಲೆಯಲ್ಲಿ ಕುದುರೆ, ಸವಾರ ಮತ್ತು ಅಧಿಕಾರ



ಈ ಉಪನ್ಯಾಸದ ಆಮಂತ್ರಣ ಪತ್ರಿಕೆ ಕೈಸೇರಿದ ದಿನವೇ ಹಳೆಯ ಗೆಳೆಯರೊಬ್ಬರು ಫೋನ್ ಮಾಡಿದರು. "ಕುದುರೆ ಪ್ರತಿಮೆ ಬಗ್ಗೆ ಒಂದು ಗಂಟೆ ಏನು ಮಾತಾಡ್ತೀರಿ ಮಾರಾಯರೇ? ಅದರ ಲೆಕ್ಕ ಸುಲಭ. ಒಂದು ಕಾಲು ಎತ್ತಿದ್ದರೆ ಸವಾರ ಗಾಯವಾಗಿ ಸತ್ತ, ಎರಡೂ ಎತ್ತಿದ್ದರೆ ಯುದ್ಧದಲ್ಲೇ ಸತ್ತ, ನಾಲ್ಕೂ ನೆಲದ ಮೇಲಿದ್ದರೆ ಹಾಸಿಗೆ ಮೇಲೆ ಸತ್ತ. ವಾಟ್ಸಾಪಲ್ಲಿ ಬಂದಿತ್ತಲ್ಲ!" ಎಂದರು. ನಗು ಬಂತು. ಆದರೆ ಫೋನ್ ಇಟ್ಟ ಮೇಲೆ ಅನ್ನಿಸಿತು, ನನ್ನ ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು. ಈ ಲೆಕ್ಕವನ್ನು ನಂಬುವವರು ಕುದುರೆಯ ಕಾಲನ್ನು ನೋಡಿ ಮನೆಗೆ ಹೋಗುತ್ತಾರೆ. ಇವತ್ತು ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ: ಕಾಲಿನಿಂದ ಕಣ್ಣನ್ನು ಸ್ವಲ್ಪ ಮೇಲೆತ್ತಿ ಸವಾರನ ಕೈ ನೋಡೋಣ.

ಗೊರಸಿನ ಲೆಕ್ಕ

ಮೊದಲು ಆ ಲೆಕ್ಕವನ್ನೇ ಚುಕ್ತಾ ಮಾಡಿಬಿಡೋಣ. ಅಮೆರಿಕದ ಗೆಟಿಸ್‌ಬರ್ಗ್ ರಣಭೂಮಿಯಲ್ಲಿರುವ ಪ್ರತಿಮೆಗಳಿಗೆ ಅದು ಬಹುಮಟ್ಟಿಗೆ ಹೊಂದುತ್ತದೆ, ಅಲ್ಲೂ ಅಪವಾದವುಂಟು. ಯುರೋಪಿಗೆ ಬಂದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೀಟರ್ ದೊರೆಯ ಕುದುರೆ ಎರಡೂ ಮುಂಗಾಲು ಎತ್ತಿದೆ. ಆತ 1725ರಲ್ಲಿ ಕಾಯಿಲೆ ಬಿದ್ದು ತೀರಿಕೊಂಡವನು. ಮ್ಯಾಡ್ರಿಡ್‌ನ ನಾಲ್ಕನೇ ಫಿಲಿಪ್‌ನ ಕುದುರೆಯೂ ಹಾಗೆಯೇ ಎದ್ದು ನಿಂತಿದೆ. ಪ್ರತಿಮೆ ಎರಕವಾದದ್ದು 1640ರಲ್ಲಿ, ದೊರೆ ಸತ್ತದ್ದು 1665ರಲ್ಲಿ! ರೋಮಿನ ಮಾರ್ಕಸ್ ಅರೇಲಿಯಸ್ ಪ್ರತಿಮೆ ಸುಮಾರು ಕ್ರಿ.ಶ. 175ರದು, ಚಕ್ರವರ್ತಿ ಸತ್ತದ್ದು 180ರಲ್ಲಿ. ಬದುಕಿದ್ದವನ ಸಾವನ್ನು ಶಿಲ್ಪಿ ಕುದುರೆಯ ಕಾಲಿನಲ್ಲಿ ಬರೆದಿಡುವುದು ಹೇಗೆ?

ಹಾಗಾದರೆ ಎತ್ತಿದ ಗೊರಸು ಹೇಳುವುದೇನು? ಅದು ಹೇಳುವುದು ಸವಾರನ ಕಥೆಗಿಂತ ಮೊದಲು ಎರಕದವರ ಕಥೆ. ಕಂಚಿನ ಕುದುರೆ ಟನ್ನುಗಟ್ಟಲೆ ತೂಗುತ್ತದೆ. ಆ ಭಾರವೆಲ್ಲ ಇಳಿಯಬೇಕಾದದ್ದು ನಾಲ್ಕು ಸಣಕಲು ಕಾಲುಗಳ ಮೇಲೆ. ಒಂದು ಕಾಲು ಎತ್ತಿದರೆ ಉಳಿಯುವುದು ಮೂರು. 1453ರಲ್ಲಿ ಪಾದುವಾದಲ್ಲಿ ನಿಂತ ಗಟ್ಟಮೆಲಾಟಾ ಎಂಬ ದಂಡನಾಯಕನ ಪ್ರತಿಮೆಯಲ್ಲಿ ಡೊನಾಟೆಲ್ಲೊ ಎತ್ತಿದ ಕಾಲಿನ ಕೆಳಗೆ ಒಂದು ಗುಂಡನ್ನಿಟ್ಟ. ನೋಡುವವರಿಗೆ ಅದು ಜಗದ ಗೋಳವೂ ಹೌದು, ಫಿರಂಗಿ ಗುಂಡೂ ಹೌದು. ಶಿಲ್ಪಿಗೆ ಅದು ಊರುಗೋಲು. 1496ರಲ್ಲಿ ವೆನಿಸ್ಸಿನಲ್ಲಿ ಅನಾವರಣಗೊಂಡ, ಕೊಲಿಯೋನಿ ಎಂಬ ಇನ್ನೊಬ್ಬ ದಂಡನಾಯಕನ ಕುದುರೆಯಲ್ಲಿ ವೆರೋಕಿಯೊ ಆ ಊರುಗೋಲನ್ನೂ ಕಿತ್ತ. ಮುಂಗಾಲು ಗಾಳಿಯಲ್ಲಿ ನಿಂತಿತು. ಆದರೆ ಅದನ್ನು ಅವನು ಕಣ್ಣಾರೆ ಕಾಣಲಿಲ್ಲ. 1488ರಲ್ಲಿ ಅವನು ತೀರಿಕೊಂಡ ಮೇಲೆ ಎರಕ ಹೊಯ್ದವನು ಲಿಯೋಪಾರ್ಡಿ. ಕೊನೆಗೆ ಪಿಯೆತ್ರೊ ಟಾಕಾ ಎಂಬ ಶಿಲ್ಪಿ ಫಿಲಿಪ್‌ನ ಕುದುರೆಯನ್ನು ಹಿಂಗಾಲುಗಳ ಮೇಲೆ ಎಬ್ಬಿಸಿ, ಬಾಲವನ್ನು ಮೂರನೆಯ ಆಸರೆಯಾಗಿ ಕೆಳಗೆ ಬಿಟ್ಟ. ಹಿಂಭಾಗವನ್ನು ಗಟ್ಟಿ ಮಾಡು, ಮುಂಭಾಗವನ್ನು ಪೊಳ್ಳು ಬಿಡು ಎಂದು ಗೆಲಿಲಿಯೋ ಸಲಹೆ ಕೊಟ್ಟನೆಂಬ ಐತಿಹ್ಯವಿದೆ. ಹೀಗೆ ಹದಿನೈದು ಶತಮಾನಗಳ ಎರಕದ ವಿದ್ಯೆ ಒಂದೊಂದೇ ಗೊರಸನ್ನು ನೆಲದಿಂದ ಬಿಡಿಸಿತು. ಇಷ್ಟು ಕಷ್ಟಪಟ್ಟು ಗೊರಸು ಎತ್ತಿಸುವ ಹಟ ದೊರೆಗಳಿಗೆ ಯಾಕಿತ್ತು? ನಮ್ಮ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಓಡುವುದು ಕುದುರೆ, ಕೂರುವುದು ದೊರೆ

ನಮ್ಮ ಪತ್ರಿಕೆಗಳನ್ನು ತೆರೆದು ನೋಡಿ. ಬೆಲೆಯೇರಿಕೆಗೆ ಕಡಿವಾಣ, ಖಾಸಗಿ ಬಸ್ಸುಗಳಿಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ. ಊರಿನಲ್ಲಿ ಕುದುರೆಯೇ ಇಲ್ಲದಿದ್ದರೂ ಅಧಿಕಾರ ಎಂದೊಡನೆ ಕನ್ನಡಕ್ಕೆ ನೆನಪಾಗುವುದು ಕುದುರೆಯ ಬಾಯೊಳಗಿನ ಆ ಕಬ್ಬಿಣದ ತುಂಡು. ಭಾಷೆಗೆ ಗೊತ್ತಿರುವ ಈ ಮಾತೇ ಪಾಶ್ಚಾತ್ಯ ಅಶ್ವಾರೋಹಿ ಕಲೆಯ ಬೀಗದ ಕೈ. ಆ ಕಲೆಯಲ್ಲಿ ಬಲ, ಬಿರುಸು, ಬೆವರು ಎಲ್ಲ ಕುದುರೆಯ ಪಾಲು. ಸವಾರನ ಪಾಲಿಗೆ ಬರುವುದು ಅಲುಗದ ಮುಖ, ನೆಟ್ಟಗಿನ ಬೆನ್ನು, ಸಡಿಲ ಬೆರಳುಗಳಲ್ಲಿ ಹಿಡಿದ ಲಗಾಮು. ಕುದುರೆ ಎಷ್ಟು ಹೆಚ್ಚು ಕೆಲಸ ಮಾಡುತ್ತದೋ, ದೊರೆ ಅಷ್ಟು ಕಡಿಮೆ ಮಾಡಿದಂತೆ ಕಾಣಬೇಕು. ಚಿತ್ರದ ಚಲನೆಗೂ ಅಧಿಕಾರಕ್ಕೂ ಇರುವ ನಂಟು ಇದೇ.

ಉದಾಹರಣೆಗೆ, ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯದ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ನಾನು ಇದನ್ನು ಮೊದಲು ಕಂಡದ್ದು ಕಾಲೇಜು ಗ್ರಂಥಾಲಯದ ಪುಸ್ತಕವೊಂದರಲ್ಲಿ, ಅಂಗೈಯಗಲದ ಕಪ್ಪು-ಬಿಳುಪು ಮುದ್ರಣದಲ್ಲಿ. ಅಸಲು ಚಿತ್ರ ಮೂರು ಮೀಟರಿಗೂ ಎತ್ತರ. ವೆಲಾಸ್ಕೆಸ್ ಸುಮಾರು 1636ರಲ್ಲಿ ಬರೆದ ಇದರಲ್ಲಿರುವವನು ದೊರೆಯಲ್ಲ, ಸ್ಪೇನಿನ ಮಂತ್ರಿ ಓಲಿವಾರೆಸ್. ಕುದುರೆ ನಮಗೆ ಬೆನ್ನು ಕೊಟ್ಟು, ಚಿತ್ರದ ಒಳಕ್ಕೆ, ಇಳಿಜಾರಿನತ್ತ ಮುಂಗಾಲೆತ್ತಿದೆ. ಅದರ ತುಂಬಿದ ಹಿಂಭಾಗ ನಮ್ಮ ಮುಖಕ್ಕೇ ಬಂದಂತಿದೆ. ದೂರದ ಬಯಲಲ್ಲಿ ಹೊಗೆ, ಇರುವೆ ಸಾಲಿನಷ್ಟು ಸಣ್ಣ ಸೈನಿಕರು. ಕಪ್ಪು ಕವಚದ ಮೇಲೆ ಕೆಂಪು ಪಟ್ಟಿ, ತಲೆಯ ಮೇಲೆ ಗರಿಯ ಟೋಪಿ, ಬಲಗೈಯಲ್ಲಿ ಸೇನಾಪತಿಯ ಕೋಲು. ಕೋಲು ಯುದ್ಧದತ್ತ ಚಾಚಿದೆ. ಮುಖ ಮಾತ್ರ ಹೆಗಲ ಮೇಲಿಂದ ನಮ್ಮತ್ತ ಹೊರಳಿದೆ. "ನೋಡಿದಿರಾ?" ಎನ್ನುವ ಹಾಗೆ.

ಯಾರೇ ನೋಡಿದರೂ ಕುದುರೆ ಯುದ್ಧಕ್ಕೆ ನುಗ್ಗುತ್ತಿದೆ ಎಂದುಕೊಳ್ಳಬೇಕು. ಆದರೆ ಅದರ ಹಿಂಗಾಲು ನೋಡಿ. ಕೀಲುಗಳು ಮಡಿದು, ಸೊಂಟ ಕುಸಿದು, ಇಡೀ ಮೈಯ ಭಾರ ಹಿಂದಕ್ಕೆ ಬಂದಿದೆ. ಬೆದರಿದ ಕುದುರೆ ಹೀಗೆ ನಿಲ್ಲುವುದಿಲ್ಲ. ಅದು ಹಿಂಗಾಲು ನೆಟ್ಟಗೆ ಮಾಡಿ ಕಂಬದಂತೆ ಏಳುತ್ತದೆ. ಇದು ಇಂದಿನ ಸವಾರಿ ಶಾಲೆಗಳಲ್ಲಿ ಲೆವಾಡ್ ಎನ್ನುವ ಭಂಗಿ. ಬಹುಕಾಲದ ತರಬೇತಿಯಾದ ಕುದುರೆಗೆ ಮಾತ್ರ ಒದಗುವಂಥದು, ಅದೂ ಕೆಲವೇ ಕ್ಷಣ. ಗ್ರೀಸಿನ ಕ್ಸೆನೊಫೋನ್ ತನ್ನ ಅಶ್ವಶಿಕ್ಷೆಯ ಗ್ರಂಥದಲ್ಲಿ ಇಂಥ ಭಂಗಿಯನ್ನು ವರ್ಣಿಸಿ, ದೇವತೆಗಳನ್ನೂ ವೀರರನ್ನೂ ಇಂಥ ಕುದುರೆಗಳ ಮೇಲೆ ಚಿತ್ರಿಸುತ್ತಾರೆ ಎಂದಿದ್ದಾನೆ. ಫ್ರಾನ್ಸಿನಲ್ಲಿ ಪ್ಲೂವಿನೆಲ್ ಹದಿಮೂರನೇ ಲೂಯಿಗೆ ಈ ವಿದ್ಯೆ ಕಲಿಸಿದ. ಅವನ ಪಾಠಗಳು 1623ರಲ್ಲಿ ಪುಸ್ತಕವಾದವು. ಅರಮನೆಯ ಅಂಗಳದಲ್ಲಿ ಇದನ್ನು ದಿನಾ ಕಾಣುತ್ತಿದ್ದವರಿಗೆ ಚಿತ್ರ ಓದಲು ಟಿಪ್ಪಣಿ ಬೇಕಿರಲಿಲ್ಲ. ನಮಗೆ ಕೆರಳಿದಂತೆ ಕಾಣುವ ಕುದುರೆ ಅವರ ಕಣ್ಣಿಗೆ ವಿಧೇಯತೆಯ ತುತ್ತತುದಿ. ಅರ್ಧ ಟನ್ ತೂಕದ ಪ್ರಾಣಿಯೊಂದು ಒಬ್ಬನ ಎಡಗೈಯ ಸನ್ನೆಗೆ ತನ್ನ ಮೈಯನ್ನೇ ಮಡಿಸಿ ನಿಂತಿದೆ. ಪ್ರಜೆಗಳೂ ಹಾಗೆ ನಿಲ್ಲಲಿ ಎಂಬುದು ಬಾಯಿಬಿಟ್ಟು ಹೇಳದ ಆಸೆ.

ಓಲಿವಾರೆಸ್ ಯಾವ ಯುದ್ಧವನ್ನೂ ರಣರಂಗದಲ್ಲಿ ನಿಂತು ನಡೆಸಿದವನಲ್ಲ. ಕುದುರೆಯ ಭಂಗಿಯನ್ನು ದೊರೆಯಿಂದ ಎರವಲು ಪಡೆದ, ಯುದ್ಧವನ್ನು ಹಿನ್ನೆಲೆಯಿಂದ ಪಡೆದ. 1643ರಲ್ಲಿ ಪದವಿ ಹೋಯಿತು. ಚಿತ್ರದಲ್ಲಿ ಮಾತ್ರ ಇಂದಿಗೂ ಲಗಾಮು ಅವನ ಕೈಯಲ್ಲೇ ಇದೆ. ಚಿತ್ರದ ಕೆಳಮೂಲೆಯಲ್ಲಿ ವೆಲಾಸ್ಕೆಸ್ ಒಂದು ಖಾಲಿ ಕಾಗದವನ್ನು ಬರೆದಿಟ್ಟಿದ್ದಾನೆ. ಕಲಾವಿದ ಸಹಿ ಹಾಕಬೇಕಾದ ಜಾಗ ಅದು. ಸಹಿಯಿಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಓಲಿವಾರೆಸ್‌ಗಿಂತ ಆತ್ಮವಿಶ್ವಾಸವಿರುವುದು ಆ ಕಾಗದಕ್ಕೆ.

ಇದೇ ವೆಲಾಸ್ಕೆಸ್ ಬರೆದ ರಾಜಕುಮಾರ ಬಾಲ್ತಸಾರ್ ಕಾರ್ಲೋಸನ ಚಿತ್ರವೂ ಪ್ರಾದೊದಲ್ಲಿದೆ. ಸವಾರನಿಗೆ ಐದಾರು ವರ್ಷ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲಗಾಮು. ಪುಟ್ಟ ಕುದುರೆಯ ಹೊಟ್ಟೆ ಪಿಪಾಯಿಯಂತೆ ಊದಿದೆ. ಅರಮನೆಯ ಸಭಾಂಗಣದಲ್ಲಿ ಬಾಗಿಲ ಮೇಲೆ ತೂಗುಹಾಕುವುದಕ್ಕಾಗಿ ಬರೆದ ಚಿತ್ರ ಅದು. ಕೆಳಗಿನಿಂದ ಕತ್ತೆತ್ತಿ ನೋಡಿದಾಗ ಹೊಟ್ಟೆ ಸರಿಹೋಗಿ, ಮಗು ನಮ್ಮ ತಲೆಯ ಮೇಲೆ ಹಾರಿಹೋಗುವಂತೆ ಕಾಣುತ್ತದೆ. ಅಪ್ಪ ಅಮ್ಮನ ಚಿತ್ರಗಳ ನಡುವೆ ಅದರ ಜಾಗ. ವಂಶದ ನಾಳೆಗೂ ಲಗಾಮು ಹಿಡಿಯಲು ಬರುತ್ತದೆ ಎಂದು ಬಾಗಿಲು ದಾಟಿದವರಿಗೆಲ್ಲ ಹೇಳಬೇಕಿತ್ತು. ಆ ನಾಳೆ ಬರಲೇ ಇಲ್ಲ. ಹುಡುಗ 1646ರಲ್ಲಿ, ಹದಿನೇಳು ತುಂಬುವ ಮೊದಲೇ ತೀರಿಕೊಂಡ.

ಕುದುರೆ ಕಂಡರೆ ಕಾಲುನೋವು

ಕುದುರೆ ಕಂಡರೆ ಕಾಲುನೋವು ಎಂಬ ನಮ್ಮ ಗಾದೆಯನ್ನು ಒಬ್ಬ ಚಕ್ರವರ್ತಿ ತಿರುವುಮುರುವು ಮಾಡಿದ ಕಥೆಯಿದೆ. 1547ರ ಏಪ್ರಿಲ್ 24ರಂದು ಐದನೇ ಚಾರ್ಲ್ಸ್ ಜರ್ಮನಿಯ ಮ್ಯೂಲ್‌ಬರ್ಗ್‌ನಲ್ಲಿ ಪ್ರಾಟೆಸ್ಟಂಟ್ ರಾಜರ ಸೈನ್ಯವನ್ನು ಸೋಲಿಸಿದ. ಮರುವರ್ಷ ಟಿಷಿಯನ್ ಅವನನ್ನು ಕುದುರೆಯ ಮೇಲೆ ಚಿತ್ರಿಸಿದ. ಚಕ್ರವರ್ತಿಗೆ ಗೌಟ್ ಕಾಯಿಲೆ; ಕಾಲಿನ ಬಾಧೆಯಿಂದ ಪಲ್ಲಕ್ಕಿಯಲ್ಲಿ ಸಾಗಬೇಕಾದ ದಿನಗಳಿದ್ದವು. ಚಿತ್ರದಲ್ಲಿ ಕಾಲುನೋವೆಲ್ಲ ಮಾಯ! ಶತ್ರುವೂ ಇಲ್ಲ, ಸೈನಿಕನೂ ಇಲ್ಲ, ರಕ್ತದ ಒಂದು ಹನಿಯೂ ಇಲ್ಲ. ಸಂಜೆಗೆಂಪಿನ ಬಯಲಿಗೆ ಒಂಟಿ ಸವಾರ ಈಟಿ ಹಿಡಿದು ಬರುತ್ತಿದ್ದಾನೆ. ಕಡುಬಣ್ಣದ ಕುದುರೆ ಹೆಜ್ಜೆ ಬಿರುಸು ಮಾಡುತ್ತಿದೆ. ಅವನ ಮುಖ ದಣಿದಿದೆ, ಆದರೆ ಕದಲುವುದಿಲ್ಲ. ಆ ದಿನದ ಅವನ ಉಕ್ಕಿನ ಕವಚ ಇಂದಿಗೂ ಮ್ಯಾಡ್ರಿಡ್‌ನ ಅರಮನೆಯ ಶಸ್ತ್ರಾಗಾರದಲ್ಲಿದೆ. ಕವಚ ನಿಜ, ಗೆಲುವು ನಿಜ, ಕಾಯಿಲೆಯೂ ನಿಜ. ಬಣ್ಣ ಯಾವ ನಿಜವನ್ನು ಉಳಿಸಿಕೊಂಡಿತು ಎಂಬುದರಲ್ಲೇ ಚಿತ್ರದ ರಾಜಕೀಯವಿದೆ.

ಎರಡೂವರೆ ಶತಮಾನದ ನಂತರ ನೆಪೋಲಿಯನ್ ಇದೇ ದಾರಿ ಹಿಡಿದ. 1800ರ ಮೇ ತಿಂಗಳಲ್ಲಿ ಅವನು ಆಲ್ಪ್ಸ್ ದಾಟಿದ್ದು ಹೇಸರಗತ್ತೆಯ ಮೇಲೆ. ಕಲಾವಿದ ಡೇವಿಡ್ ಬರೆದ ಚಿತ್ರದಲ್ಲಿ ಮುಂಗಾಲೆತ್ತಿದ ಕುದುರೆ, ಬಿರುಗಾಳಿಗೆ ಹಾರುವ ನಿಲುವಂಗಿ, ಕೆಳಗೆ ಬಂಡೆಯ ಮೇಲೆ ಕೆತ್ತಿದ ಹೆಸರುಗಳು: ಬೊನಪಾರ್ಟ್, ಹ್ಯಾನಿಬಲ್, ಶಾರ್ಲಮೇನ್. ಕೆರಳಿದ ಕುದುರೆಯ ಮೇಲೆ ತಾನು ಶಾಂತನಾಗಿರಬೇಕು ಎಂದು ನೆಪೋಲಿಯನ್ನನೇ ಅಪೇಕ್ಷಿಸಿದನಂತೆ. ಈ ಕಲೆಯ ಸೂತ್ರವನ್ನು ಇಷ್ಟು ಚೊಕ್ಕವಾಗಿ ಯಾವ ಪಂಡಿತನೂ ಹೇಳಿಲ್ಲ. ಅವನು ಚಿತ್ರಕ್ಕೆ ಕೂರಲು ಒಪ್ಪಲಿಲ್ಲ. ಡೇವಿಡ್ ತನ್ನ ಮಗನನ್ನೇ ಏಣಿಯ ಮೇಲೆ ಕೂರಿಸಿ ಭಂಗಿ ತೆಗೆದುಕೊಂಡ ಎನ್ನುತ್ತಾರೆ. ಐದು ಪ್ರತಿಗಳಾದವು. ಸುಮಾರು ಅರ್ಧ ಶತಮಾನದ ಮೇಲೆ ದೆಲಾರೋಶ್ ಎಂಬ ಕಲಾವಿದ ಹೇಸರಗತ್ತೆಯನ್ನು ವಾಪಸು ತಂದು, ಹಗ್ಗ ಹಿಡಿದು ನಡೆಯುವ ಊರ ದಾರಿಗನನ್ನೂ ಬರೆದ. ಆಗ ಮೊದಲ ಬಾರಿಗೆ ನೋಡುಗರಿಗೆ ಹೊಳೆಯಿತು, ಲಗಾಮು ಇನ್ನೊಬ್ಬನ ಕೈಯಲ್ಲಿತ್ತು!

ಕುದುರೆಯ ಕೆಳಗಿನ ಕಲ್ಲು

ಚೌಕಟ್ಟಿನ ಹೊರಗೂ ಸ್ವಲ್ಪ ನೋಡೋಣ. ಪೀಟರ್ಸ್‌ಬರ್ಗಿನ ಕಂಚಿನ ಸವಾರನನ್ನು ರೂಪಿಸಿದವನು ಫ್ರಾನ್ಸಿನ ಫಾಲ್ಕೊನೆ. ದೊರೆಯ ಮುಖ ತಿದ್ದಿದವಳು ಅವನ ಶಿಷ್ಯೆ ಮಾರಿ-ಆನ್ ಕೊಲೊ. ಅನಾವರಣ 1782ರಲ್ಲಿ. ಪೀಠಕ್ಕೆಂದು ಹುಡುಕಿದ, ಗುಡುಗುಬಂಡೆ ಎಂದು ಕರೆಯುವ ಕಲ್ಲು ಸುಮಾರು 1250 ಟನ್ ತೂಗುತ್ತಿತ್ತು. ಚಳಿಗಾಲದ ಹೆಪ್ಪುಗಟ್ಟಿದ ನೆಲದ ಮೇಲೆ, ಕಂಚಿನ ಗುಂಡುಗಳುಳ್ಳ ತೋಡುಹಳಿಯ ಮೇಲೆ ಅದನ್ನು ಉರುಳಿಸಿ ಎಳೆದರು. ಎಳೆದದ್ದು ಕುದುರೆಗಳಲ್ಲ, ಹಗ್ಗ ಸುತ್ತುವ ರಾಟೆಗಳನ್ನು ತಿರುವಿದ ನೂರಾರು ಮನುಷ್ಯರು. ಮೇಲೆ ಕುದುರೆಯೊಂದು ಸಲೀಸಾಗಿ ಬಂಡೆ ಹತ್ತಿದಂತೆ ಕಾಣಲು ಕೆಳಗೆ ಮನುಷ್ಯರು ಕುದುರೆಗಳಾಗಬೇಕಾಯಿತು. ಪೀಠದ ಮೇಲಿನ ಬರಹದಲ್ಲಿ ಎರಡೇ ಹೆಸರಿವೆ: ಒಂದನೇ ಪೀಟರ್‌ನದು, ಎರಡನೇ ಕ್ಯಾಥರೀನಳದು.

ಕಂಚಿಗೂ ಅದರದೇ ರಾಜಕೀಯವಿದೆ. ಮಿಲಾನಿನ ದೊರೆಗಾಗಿ ಲಿಯೊನಾರ್ಡೊ ಏಳು ಮೀಟರ್ ಎತ್ತರದ ಜೇಡಿಮಣ್ಣಿನ ಕುದುರೆ ಮಾಡಿ 1493ರಲ್ಲಿ ತೋರಿಸಿದ್ದ. ಎರಕಕ್ಕೆಂದು ಕೂಡಿಟ್ಟ ಕಂಚು ಮರುವರ್ಷ ಫಿರಂಗಿಗೆ ಹೋಯಿತು. 1499ರಲ್ಲಿ ಊರು ಹಿಡಿದ ಫ್ರೆಂಚ್ ಬಿಲ್ಲುಗಾರರು ಆ ಮಣ್ಣಿನ ಕುದುರೆಯನ್ನು ಗುರಿ ಅಭ್ಯಾಸಕ್ಕೆ ಬಳಸಿದರು. ನ್ಯೂಯಾರ್ಕ್ ಜನ ಇನ್ನೂ ಚುರುಕು. ಮಾರ್ಕಸ್ ಅರೇಲಿಯಸ್‌ನ ಮಾದರಿಯಲ್ಲಿ ಸೀಸದಿಂದ ಮಾಡಿ ಚಿನ್ನದ ಲೇಪ ಕೊಟ್ಟಿದ್ದ ಮೂರನೇ ಜಾರ್ಜ್‌ನ ಪ್ರತಿಮೆಯನ್ನು 1776ರ ಜುಲೈ 9ರಂದು ಎಳೆದು ಕೆಡವಿ, ಕರಗಿಸಿ, 42,088 ಬಂದೂಕಿನ ಗುಂಡು ಮಾಡಿಕೊಂಡರು. ದೊರೆಯನ್ನು ದೊರೆಯ ಸೈನ್ಯಕ್ಕೇ ಹೊಡೆದರು ಎನ್ನಬೇಕು.

ಸವಾರ ಇಳಿದಾಗ

ಈ ಸೂತ್ರ ಮುರಿದದ್ದು ಎಲ್ಲಿ? ಜೆರಿಕೊ ಎಂಬ ಫ್ರೆಂಚ್ ಕಲಾವಿದ ಎರಡು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಚಿತ್ರಗಳನ್ನು ಪ್ರದರ್ಶಿಸಿದ. 1812ರದರಲ್ಲಿ ದಳದ ಅಧಿಕಾರಿ ಎದ್ದ ಕುದುರೆಯ ಮೇಲೆ ಕತ್ತಿ ಹಿಡಿದಿದ್ದಾನೆ. ಆದರೆ ಅವನ ಮೈ ಹಿಂದಕ್ಕೆ ತಿರುಚಿದೆ, ಕಣ್ಣಿನಲ್ಲಿ ನೆಮ್ಮದಿಯಿಲ್ಲ. ಕುದುರೆಯ ಕಳವಳ ಸವಾರನಿಗೂ ಹತ್ತಿದೆ. 1814ರ ಚಿತ್ರದಲ್ಲಿ ಗಾಯಗೊಂಡ ಯೋಧ ಕುದುರೆಯಿಂದ ಇಳಿದೇಬಿಟ್ಟಿದ್ದಾನೆ. ಇಳಿಜಾರಿನಲ್ಲಿ ಕಾಲು ಜಾರುತ್ತಿದೆ, ಕತ್ತಿ ಊರುಗೋಲಾಗಿದೆ, ಇನ್ನೊಂದು ಕೈ ಬೆದರಿದ ಕುದುರೆಯ ಲಗಾಮನ್ನು ಬಿಗಿಯಾಗಿ ಜಗ್ಗುತ್ತಿದೆ. ಓಲಿವಾರೆಸನ ಸಡಿಲ ಬೆರಳು ನೆನಪಿಸಿಕೊಳ್ಳಿ. ಜಗ್ಗಬೇಕಾಗಿ ಬಂದ ಲಗಾಮು ಅಧಿಕಾರದ ಗುರುತಲ್ಲ. ಅವೆರಡು ಚಿತ್ರಗಳ ನಡುವೆ ನೆಪೋಲಿಯನ್ ರಷ್ಯಾದಲ್ಲಿ ಸೈನ್ಯ ಕಳೆದುಕೊಂಡಿದ್ದ, ಸಿಂಹಾಸನವನ್ನೂ ಬಿಟ್ಟಿದ್ದ.

1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಓಡುವ ಕುದುರೆಯ ಸಾಲುಚಿತ್ರ ತೆಗೆದ ಮೇಲೆ ಇನ್ನೊಂದು ಭ್ರಮೆ ಕಳಚಿತು. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ನಾಗಾಲೋಟ ಕುದುರೆಗೆ ಗೊತ್ತೇ ಇರಲಿಲ್ಲ. ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಒಟ್ಟುಗೂಡಿದಾಗ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಮರಿನೊ ಮರೀನಿ ಕುದುರೆ-ಸವಾರರನ್ನೇ ಮತ್ತೆ ಮತ್ತೆ ಮಾಡಿದ. ವರ್ಷ ಕಳೆದಂತೆ ಅವನ ಸವಾರರು ಹಿಡಿತ ತಪ್ಪುತ್ತಾರೆ, ಕುದುರೆಗಳು ಕತ್ತು ಚಾಚಿ ಒರಲುತ್ತವೆ, ಕೊನೆಗೆ ಇಬ್ಬರೂ ಉರುಳುತ್ತಾರೆ. 1948ರ ಅವನ ಪ್ರತಿಮೆಯೊಂದು ವೆನಿಸ್ಸಿನ ದೊಡ್ಡ ಕಾಲುವೆಯ ದಡದಲ್ಲಿದೆ: ಬೆತ್ತಲೆ ಸವಾರ ಎರಡೂ ತೋಳು ಚಾಚಿ ಮುಗಿಲು ನೋಡುತ್ತಿದ್ದಾನೆ. ಲಗಾಮಿಲ್ಲ. ಕೊಲಿಯೋನಿ ಹುಬ್ಬು ಗಂಟಿಕ್ಕಿ ಕೂತಿರುವುದೂ ಇದೇ ಊರಿನಲ್ಲಿ. ಕೊಲಿಯೋನಿಯ ಬಿಗಿದ ಮೈಯನ್ನು ನೋಡಿ ಬಂದವರಿಗೆ ಈ ಬರಿಗೈ ನೋಡಿದಾಗ ನಾಲ್ಕೂವರೆ ಶತಮಾನ ಒಂದೇ ಮಧ್ಯಾಹ್ನದಲ್ಲಿ ದಾಟಿದಂತಾಗುತ್ತದೆ.

ನಮ್ಮ ಹತ್ತಿರದ ಇಬ್ಬರು ಸವಾರರು

ಈ ಪರಂಪರೆಯ ಕುದುರೆಗಳು ನಮ್ಮ ಕಡೆಗೂ ಹಡಗು ಹತ್ತಿ ಬಂದವು. ಬೆಂಗಳೂರಿನಲ್ಲಿರುವ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್‌ನ ಪ್ರತಿಮೆ ಮಾಡಿದವನು ಮರೊಕೆಟಿ ಎಂಬ ಶಿಲ್ಪಿ. ಲಂಡನ್ನಿನ ಸಂಸತ್ ಭವನದ ಬಳಿ ಕತ್ತಿ ಎತ್ತಿರುವ ಸಿಂಹಹೃದಯಿ ರಿಚರ್ಡನನ್ನು ಮಾಡಿದವನೂ ಅವನೇ. 1866ರಲ್ಲಿ ಸ್ಥಾಪನೆಯಾಗಿ, ಬಹುಕಾಲ ಅಠಾರಾ ಕಚೇರಿಯ ಮುಂದಿದ್ದ ಕಬ್ಬನ್ 2020ರಲ್ಲಿ ತನ್ನದೇ ಹೆಸರಿನ ಉದ್ಯಾನದೊಳಗೆ ಹೋದ.

ಇನ್ನೊಬ್ಬ ಥಾಮಸ್ ಮನ್ರೋ. ಟಿಪ್ಪು ಬಿದ್ದ ಮೇಲೆ ಕೆನರಾದ ಕಲೆಕ್ಟರಾಗಿ, ಆಮೇಲೆ ಬಳ್ಳಾರಿ ಸೇರಿದ್ದ ದತ್ತ ಜಿಲ್ಲೆಗಳಲ್ಲಿ ರೈತವಾರಿ ಕಂದಾಯ ಕಟ್ಟಿದವನು. ಮದರಾಸಿನಲ್ಲಿ ಅವನ ಕಂಚಿನ ಪ್ರತಿಮೆಯಿದೆ, ಶಿಲ್ಪಿ ಶಾಂಟ್ರಿ. ಆ ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಶಿಲ್ಪಿ ಮರೆತ, ನಾಚಿಕೆಯಿಂದ ಪ್ರಾಣ ಬಿಟ್ಟ ಎಂದೆಲ್ಲ ಕಥೆ ಕಟ್ಟಿದ್ದಾರೆ. ಅದು ಮರೆವಲ್ಲ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಾಲ್ಕನೇ ಜಾರ್ಜ್ ದೊರೆಯನ್ನೂ ಶಾಂಟ್ರಿ ಹೀಗೆಯೇ ಕೂರಿಸಿದ್ದಾನೆ. ಮಾರ್ಕಸ್ ಅರೇಲಿಯಸ್‌ನ ಕಾಲದ ರೋಮಿಗೆ ರಿಕಾಪು ಗೊತ್ತಿರಲಿಲ್ಲ. ಕಂಪನಿಯ ಗವರ್ನರನೂ ರೋಮಿನ ಚಕ್ರವರ್ತಿಯ ಹಾಗೆ ಕೂರಬೇಕಿತ್ತು.

ಇನ್ನೊಂದು ವಿಷಯ. ಮನ್ರೋನ ಕುದುರೆ ಮುಂಗಾಲು ಎತ್ತಿಲ್ಲ, ಹೂಂಕರಿಸುವುದಿಲ್ಲ, ನಾಲ್ಕೂ ಗೊರಸು ಊರಿ ಸುಮ್ಮನೆ ನಿಂತಿದೆ. ಇಷ್ಟು ಹೊತ್ತು ನಾನು ಓಡುವುದು ಕುದುರೆ, ಕೂರುವುದು ದೊರೆ ಎಂದೆ. ಇಲ್ಲಿ ಕುದುರೆಗೂ ಕೆಲಸವಿಲ್ಲ. ಪ್ರತಿಮೆ ಬರುವ ಹೊತ್ತಿಗೆ ಈ ಸೀಮೆಯಲ್ಲಿ ಕಂಪನಿ ಯಾರನ್ನೂ ಲೆವಾಡ್ ಮಾಡಿಸಿ ಬೆರಗುಗೊಳಿಸಬೇಕಿರಲಿಲ್ಲ. ಹೊಲ ಅಳೆಯುವ ಸರಪಳಿ, ಪಟ್ಟಾ, ಕಂದಾಯದ ಲೆಕ್ಕದ ಪುಸ್ತಕ, ಇವು ಅದರ ಕಡಿವಾಣಗಳು. ಅವನ್ನು ಹಿಡಿದ ಕೈಗಳು ತಾಲ್ಲೂಕು ಕಚೇರಿಗಳಲ್ಲಿದ್ದವು, ಕಂಚಿನಲ್ಲಿ ತೋರಿಸುವ ಅಗತ್ಯ ಬೀಳಲಿಲ್ಲ.

ಮನ್ರೋ 1827ರಲ್ಲಿ ಪತ್ತಿಕೊಂಡದ ಬಳಿ ಕಾಲರಾದಿಂದ ಸತ್ತ. ಅಂದರೆ ನನ್ನ ಗೆಳೆಯರ ವಾಟ್ಸಾಪ್ ಲೆಕ್ಕ ಇಲ್ಲಿ ಪಕ್ಕಾ ಸರಿ: ನಾಲ್ಕೂ ಕಾಲು ನೆಲದ ಮೇಲಿವೆ, ಸವಾರ ಹಾಸಿಗೆ ಹಿಡಿದು ಸತ್ತಿದ್ದಾನೆ. ಉತ್ತರ ಸರಿಬಂತು, ಪ್ರತಿಮೆ ಹೇಳಿದ್ದು ಮಾತ್ರ ಕಿವಿಗೆ ಬೀಳಲಿಲ್ಲ. ಅವರಿಗೆ ನಾಳೆ ಫೋನ್ ಮಾಡಿ ಇದನ್ನು ಹೇಳಬೇಕೆಂದಿದ್ದೇನೆ.